ಗಚ್ಚಿಯ ಮೇಲಿನ ಛತ್ರಿ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಟ್ಟಡದ ಲಿಫ್ಟಿನ ಪಕ್ಕದ ಫಲಕದ ಮೇಲೆ ಮರಾಠಿಯಲ್ಲಿ ಒಂದು ಸೂಚನೆ ಕಾಣಿಸಿಕೊಂಡಿತು. ಮಳೆಗಾಲಕ್ಕೆ ಮುನ್ನ ಗಚ್ಚಿಗೆ ವಾಟರ್‌ಪ್ರೂಫಿಂಗ್ ಮಾಡಿಸಲಾಗುವುದು; ಗಚ್ಚಿಯ ಮೇಲಿನ ಟಿ.ವಿ. ಛತ್ರಿಗಳನ್ನು ಎಂಟು ದಿನಗಳೊಳಗೆ ಅವರವರೇ ತೆಗೆಸಬೇಕು. ಇಲ್ಲವಾದರೆ ಭಂಗಾರದವನಿಗೆ ಹಾಕಲಾಗುವುದು. ಮುಂಬಯಿಯಲ್ಲಿ ಭಂಗಾರವೆಂದರೆ ಗುಜರಿ. ಒಂದು ಮಹಾಪ್ರಾಣದ ಅಂತರದಲ್ಲಿ ನಮ್ಮ ಚಿನ್ನ ಇಲ್ಲಿ ತುಕ್ಕು ಹಿಡಿದ ಕಬ್ಬಿಣವಾಗಿಬಿಡುವ ಸೋಜಿಗಕ್ಕೆ ಈ ಊರಿನಲ್ಲಿ ನಾಲ್ಕು ದಶಕ ಕಳೆದ ಮೇಲೂ ನಾವು ಪೂರ್ತಿ ಒಗ್ಗಿಲ್ಲ.

ಗಚ್ಚಿ ಹತ್ತಿ ನೋಡಿದೆವು. ಏಳು ಛತ್ರಿಗಳಿದ್ದವು. ಆರು ಯಾವಾಗಲೋ ಕೆಲಸ ನಿಲ್ಲಿಸಿದ್ದವು. ಹಣ ಕಟ್ಟುವುದು ನಿಂತು, ತಂತಿ ತುಂಡಾಗಿ, ಪಾರಿವಾಳಗಳಿಗೆ ಆಸರೆಯಾಗಿದ್ದವು. ಏಳನೆಯದು ನಮ್ಮದು. ಅದನ್ನು ತೆಗೆಯಲು ನಮಗೆ ಮನಸ್ಸಿರಲಿಲ್ಲ. ಸೊಸಾಯಟಿಯ ಕಾರ್ಯದರ್ಶಿಗಳು ಸಜ್ಜನರು. "ಈಗ ಎಲ್ಲವೂ ಮೊಬೈಲಿನಲ್ಲೇ ಬರುತ್ತದಲ್ಲ, ಇದೇಕೆ?" ಎಂದು ಕೇಳಿದರು. ಉತ್ತರ ಕೊಡಲು ಹೊರಟರೆ ದೇಶದ ಪ್ರಸಾರ ಕಾನೂನಿನ ಕಾಲು ಶತಮಾನದ ಕಥೆಯನ್ನೇ ಹೇಳಬೇಕಾಗುತ್ತಿತ್ತು. ಹೇಳದೆ ಬಂದೆವು. ಅವರಿಗೆ ಹೇಳದೆ ಉಳಿದದ್ದನ್ನು ಬಳಗದ ಓದುಗರ ಮುಂದೆ ಇಡುತ್ತಿದ್ದೇವೆ.

ನಾವು ಎಂದರೆ ಮುಲುಂಡಿನ ಎರಡು ಕೋಣೆಗಳ ಮನೆಯ ಗಂಡ ಹೆಂಡತಿ. ಆ ಛತ್ರಿ ಅವ್ವನದು. ಅವ್ವ ನಮ್ಮಲ್ಲೊಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಕರೆಯುತ್ತಿದ್ದುದು ಮಾತ್ರ ಇಬ್ಬರೂ ಅವ್ವ ಎಂದೇ. ಧಾರವಾಡದ ಕಡೆಯವರು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಊರಿನಿಂದ ಬಂದವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು.

ನಮ್ಮ ಮನೆಗೆ ಮೊದಲ ಟಿ.ವಿ. ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಆಗ ಗಚ್ಚಿಯ ಮೇಲಿದ್ದುದು ಮೀನಿನ ಮುಳ್ಳಿನಂಥ ಆಂಟೆನಾ. ಗಾಳಿಗೆ ಅದು ತಿರುಗಿದಾಗ ಒಬ್ಬರು ಮೇಲೆ ಹತ್ತಿ ಕಂಬ ಹಿಡಿಯಬೇಕು, ಒಬ್ಬರು ಜಿನೆಯಲ್ಲಿ ನಿಲ್ಲಬೇಕು, ಒಬ್ಬರು ಟಿ.ವಿ.ಯ ಮುಂದೆ. "ಬಂತಾ?" "ಇಲ್ಲ." "ಈಗ?" "ಬಂದಿತ್ತು, ಹೋಯ್ತು!" ಈ ಸಂಭಾಷಣೆಯಿಲ್ಲದ ಭಾನುವಾರವೇ ಇರಲಿಲ್ಲ. 1972ರ ಗಾಂಧಿ ಜಯಂತಿಯಂದು ಆರಂಭವಾದ ಮುಂಬಯಿ ದೂರದರ್ಶನದಲ್ಲಿ ನಮಗೆ ಸಿಗುತ್ತಿದ್ದುದು ಹಿಂದಿ, ಮರಾಠಿ, ಸ್ವಲ್ಪ ಗುಜರಾತಿ, ಇಂಗ್ಲಿಷ್ ವಾರ್ತೆ. ಕನ್ನಡ ಬರುತ್ತಿದ್ದುದು ರಾಷ್ಟ್ರೀಯ ಪ್ರಸಾರದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಗಳ ಸಾಲಿನಲ್ಲಿ, ಎಲ್ಲ ಭಾಷೆಗಳಂತೆ ತನ್ನ ಸರದಿ ಬಂದಾಗ. ಆ ದಿನ ನಮ್ಮ ಚಾಳಿನ ಕನ್ನಡ ಮನೆಗಳಲ್ಲಿ ಊಟ ಬೇಗ ಆಗುತ್ತಿತ್ತು. ನೆರೆಯವರು ಚಾಪೆ ಹಿಡಿದು ಬರುತ್ತಿದ್ದರು. ಚಿತ್ರ ಬಹುಪಾಲು ಪ್ರಶಸ್ತಿ ಪಡೆದದ್ದು, ಅಂದರೆ ನಿಧಾನದ್ದು. ಒಳ್ಳೆಯ ಬಿಸಿಲಿನಲ್ಲಿ ಒಬ್ಬ ಅಜ್ಜ ಬಹಳ ಹೊತ್ತು ನಡೆದುಹೋಗುವಂಥದ್ದು. ಆದರೂ ಯಾರೂ ಏಳುತ್ತಿರಲಿಲ್ಲ. ಅಜ್ಜ ಯಾವಾಗಲಾದರೂ ಮಾತಾಡಿಯಾನು, ಮಾತಾಡಿದರೆ ಕನ್ನಡದಲ್ಲಿ ಮಾತಾಡಿಯಾನು.

ಆಗ ನಮಗೆ ಯಾರ ಮೇಲೂ ದೂರಿರಲಿಲ್ಲ. ಒಂದು ಕಂಪನಾಂಕದಲ್ಲಿ ಒಂದೇ ವಾಹಿನಿ ಹಿಡಿಸುತ್ತದೆ, ಇಷ್ಟು ಭಾಷೆಗಳ ದೇಶದಲ್ಲಿ ಸರದಿಯಲ್ಲಿ ನಿಲ್ಲಲೇಬೇಕು, ಪಡಿತರದ ಅಂಗಡಿಯ ಮುಂದೆ ನಿಂತಂತೆ. ಜಾಗ ಇಲ್ಲದ ಮನೆಯಲ್ಲಿ ಜಗಳವೂ ಕಡಿಮೆ. ಜಗಳ ಶುರುವಾಗುವುದು ಇನ್ನೊಂದು ಕೋಣೆ ಕಟ್ಟಿಸಿದ ಮೇಲೆ.

ಆ ಕೋಣೆಯನ್ನು ಕಟ್ಟಿಕೊಟ್ಟದ್ದು ಡಿಜಿಟಲ್ ತಂತ್ರಜ್ಞಾನ. ಚಿತ್ರವನ್ನು ಅಂಕಿಗಳಾಗಿ ಮಾಡಿ ಒತ್ತಿ ಕಟ್ಟಿದರೆ ಒಂದು ವಾಹಿನಿ ಹಿಡಿಸುತ್ತಿದ್ದ ಕಂಪನಾಂಕದಲ್ಲಿ ಹಲವು ವಾಹಿನಿಗಳು ಹಿಡಿಸುತ್ತವೆ. ಹೀಗೆ ಉಳಿದ ಜಾಗ ಯಾರದು, ಅದನ್ನು ಯಾರು ತುಂಬಬೇಕು, ಏನನ್ನು ತುಂಬಬಾರದು ಎಂಬ ಪ್ರಶ್ನೆ ಎಲ್ಲ ದೇಶಗಳ ಸರಕಾರಗಳ ಮುಂದೆಯೂ ಬಂತು. ಆಸ್ಟ್ರೇಲಿಯದಲ್ಲಿ ಅದು ತಮಾಷೆಯ ರೂಪ ತಾಳಿತು. ಅಲ್ಲಿ ಡಿಜಿಟಲ್ ಪ್ರಸಾರ 2001ರಲ್ಲಿ ಆರಂಭವಾಯಿತು. ಆದರೆ ಉಚಿತ ಪ್ರಸಾರದ ಖಾಸಗಿ ಸಂಸ್ಥೆಗಳು ತಮಗೆ ಸಿಕ್ಕ ಜಾಗದಲ್ಲಿ ಹೆಚ್ಚುವರಿ ವಾಹಿನಿ ನಡೆಸಕೂಡದೆಂದು ಕಾನೂನೇ ತಡೆಯಿತು. ಹಣ ಪಡೆದು ವಾಹಿನಿ ಕೊಡುವವರ ವ್ಯಾಪಾರ ಕೆಡಬಾರದು, ಜಾಹೀರಾತಿನ ಹಣ ಹರಿದು ಹಂಚಿಹೋಗಬಾರದು ಎಂಬುದು ಅದರ ಹಿಂದಿನ ಲೆಕ್ಕ. ಸಾರ್ವಜನಿಕ ಪ್ರಸಾರ ಸಂಸ್ಥೆಗೆ ಹೆಚ್ಚುವರಿ ವಾಹಿನಿಯ ಅವಕಾಶವಿತ್ತು, ಆದರೆ ಅದರಲ್ಲಿ ಯಾವ ಬಗೆಯ ಕಾರ್ಯಕ್ರಮ ಹಾಕಬಹುದೆಂಬುದಕ್ಕೆ ಬೇಲಿಯಿತ್ತು. ಖಾಸಗಿಯವರಿಗೆ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆದದ್ದು ಹಲವು ವರ್ಷಗಳ ನಂತರ. ಅಷ್ಟು ವರ್ಷ ಆ ದೇಶದ ಗಾಳಿಯಲ್ಲಿ ಖಾಲಿ ಕೋಣೆಗೆ ಬೀಗ ಹಾಕಿಟ್ಟಿದ್ದರು.

ನಮ್ಮಲ್ಲಿ ಬೀಗದ ಬಗೆ ಬೇರೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಅವು ಸರಕಾರದ ಏಕಸ್ವಾಮ್ಯವೂ ಆಗಬಾರದು, ಹಣವಂತರ ಏಕಸ್ವಾಮ್ಯವೂ ಆಗಬಾರದು. ಸಾರ್ವಜನಿಕ ಹಿತಕ್ಕಾಗಿ ಅವುಗಳ ಬಳಕೆಯನ್ನು ಒಂದು ಸ್ವತಂತ್ರ ಪ್ರಾಧಿಕಾರ ನಿಯಂತ್ರಿಸಬೇಕು ಎಂಬುದು ಅದರ ಸಾರ. ಓದಿ ನಾವು ಸಂತೋಷಪಟ್ಟಿದ್ದೆವು. ಆದರೆ ಭೂಮಿಯ ಮೇಲಿನ ಗೋಪುರಗಳಿಂದ ಟಿ.ವಿ. ಪ್ರಸಾರ ಮಾಡುವ ಅಧಿಕಾರ ದೂರದರ್ಶನವೊಂದಕ್ಕೇ ಉಳಿಯಿತು. ಖಾಸಗಿಯವರಿಗೂ ಅವಕಾಶ ಕೊಡಬಹುದೆಂದು 2017ರ ಜನವರಿಯಲ್ಲಿ ಟ್ರಾಯ್ ಶಿಫಾರಸು ಮಾಡಿತು. ಅದು ಶಿಫಾರಸಾಗಿಯೇ ಉಳಿಯಿತು. ದೂರದರ್ಶನ 2016ರ ಫೆಬ್ರವರಿಯಲ್ಲಿ ಹದಿನಾರು ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಆರಂಭಿಸಿದಾಗ ಅದರಲ್ಲಿ ಮುಂಬಯಿಯೂ ಇತ್ತು, ಬೆಂಗಳೂರೂ ಇತ್ತು. ಮೊಬೈಲಿಗೆ ಸಿಕ್ಕಿಸುವ ಡಾಂಗಲ್ ಒಂದಿದ್ದರೆ ಇಂಟರ್‌ನೆಟ್ ಇಲ್ಲದೆಯೇ ಐದು ವಾಹಿನಿಗಳು ಬರುತ್ತವೆಂದು ಓದಿ ಒಂದನ್ನು ತರಿಸಿದೆವು. ಪ್ರಾದೇಶಿಕ ವಾಹಿನಿಗೆ ಮೀಸಲಾದ ಸ್ಥಾನದಲ್ಲಿ ಇಲ್ಲಿ ಇದ್ದುದು ಸಹಜವಾಗಿ ಸಹ್ಯಾದ್ರಿ. ಬೆಂಗಳೂರಿನಲ್ಲಿ ಚಂದನ. ಗೋಪುರಕ್ಕೆ ತನ್ನ ನೆರಳು ಬೀಳುವಷ್ಟೇ ಊರು ಕಾಣುತ್ತದೆ. ಒಂದೇ ನಗರದಲ್ಲಿ ನಾಲ್ಕು ಭಾಷೆಯ ಜನ ಬದುಕುತ್ತಾರೆಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಡಾಂಗಲ್ ಈಗಲೂ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ.

ನಮ್ಮ ಮನೆಗೆ ಕನ್ನಡ ನಿತ್ಯದ ಅತಿಥಿಯಾಗಿ ಬಂದದ್ದು ಗೋಪುರದಿಂದಲ್ಲ, ಬಲವಂತದಿಂದ. ಈ ಮಾತನ್ನು ಸ್ವಲ್ಪ ವಿವರಿಸಬೇಕು. 1995ರ ಕೇಬಲ್ ಕಾಯಿದೆಯ 8ನೆಯ ಕಲಮು ಕೇಬಲಿನವರು ದೂರದರ್ಶನದ ಎರಡು ವಾಹಿನಿಗಳನ್ನು ಕೊಡಲೇಬೇಕೆಂದು ವಿಧಿಸಿತು. 2000ದ ತಿದ್ದುಪಡಿ ಅದಕ್ಕೆ ರಾಜ್ಯದ ಒಂದು ಪ್ರಾದೇಶಿಕ ಭಾಷೆಯ ವಾಹಿನಿಯನ್ನು ಸೇರಿಸಿತು. ಹಾಗೆಂದರೆ ಮಹಾರಾಷ್ಟ್ರದಲ್ಲಿ ಮರಾಠಿ, ಅದು ನ್ಯಾಯವೇ. 2011ರ ತಿದ್ದುಪಡಿಯ ನಂತರ ಕೇಬಲ್ ಡಿಜಿಟಲ್ ಆಗತೊಡಗಿತು, ಜಾಗ ಹಲವು ಪಟ್ಟು ಹೆಚ್ಚಿತು, ಕಡ್ಡಾಯದ ಪಟ್ಟಿಯೂ ಉದ್ದವಾಯಿತು. ದೂರದರ್ಶನದ ಬೇರೆ ಬೇರೆ ಭಾಷೆಗಳ ವಾಹಿನಿಗಳು ದೇಶದ ಎಲ್ಲೆಡೆ ಸಿಗಬೇಕೆಂದಾಯಿತು. ಆ ಪಟ್ಟಿಯಲ್ಲಿ ಚಂದನವೂ ಇತ್ತು. 2012ರ ಕೊನೆಯಲ್ಲಿ ಮುಂಬಯಿಯ ಕೇಬಲ್ ಡಿಜಿಟಲ್ ಆದಾಗ ಅವ್ವ ರಿಮೋಟಿನ ಗುಂಡಿ ಒತ್ತುತ್ತ ಒತ್ತುತ್ತ, ಕೊಂಕಣ ರೈಲಿನ ಸುರಂಗಗಳನ್ನು ದಾಟಿದಂತೆ ನೂರಾರು ಸಂಖ್ಯೆ ದಾಟಿ, ಎಂಟುನೂರರ ಆಚೆ ಎಲ್ಲೋ ಚಂದನವನ್ನು ಕಂಡುಹಿಡಿದರು. ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಕುಂಕುಮದಿಂದ ಬರೆದಿಟ್ಟರು, ಪೆನ್ನು ಸಿಗಲಿಲ್ಲವೆಂದು.

ಅಲ್ಲಿಂದ ಅವರ ದಿನದ ಆಕಾರ ಬದಲಾಯಿತು. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಬರುವ ಹೊತ್ತಿಗೆ ಅವ್ವ ಚಾಳೀಸು ಹಾಕಿಕೊಂಡು ಪರೀಕ್ಷೆಗೆ ಕೂತವರಂತೆ ಕೂಡುತ್ತಿದ್ದರು. ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಕಾರ್ಯಕ್ರಮ ಅದು. ಪ್ರಶ್ನೆಯ ಬೆನ್ನಿಗೇ ಅವ್ವ ಉತ್ತರ ಹೇಳುವರು. ತಪ್ಪಾದರೆ "ಪ್ರಶ್ನೇನ ಸರಿ ಇಲ್ಲ" ಎನ್ನುವರು. ಸರಿಯಾದರೆ ಯಾವ ಪುಸ್ತಕ ಕೊಟ್ಟರು ಎಂದು ನೋಡುವರು. ಆಮೇಲೆ ನಮಗೆ ಆ ಪುಸ್ತಕವನ್ನು ತರಿಸುವ ಅಪ್ಪಣೆಯಾಗುತ್ತಿತ್ತು. ನಮ್ಮ ಕಪಾಟಿನಲ್ಲಿ ಈಗಿರುವ ಕನ್ನಡ ಪುಸ್ತಕಗಳಲ್ಲಿ ಹಲವು ಅವ್ವ ಮುಂಬಯಿಯಲ್ಲಿ ಕೂತು ಬೆಂಗಳೂರಿನ ಸ್ಟುಡಿಯೋದಲ್ಲಿ ಗೆದ್ದವು.

ಚಂದನವನ್ನು ನಾವು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಪ್ಲಾಸ್ಟಿಕ್ ಹೂವಿನ ಮುಂದೆ ಕೂತು ಇಬ್ಬರು ಅರ್ಧ ಗಂಟೆ ಒಬ್ಬರಿಗೊಬ್ಬರು ನಮಸ್ಕಾರ ಹೇಳಿಕೊಳ್ಳುವಂಥ ಸಂದರ್ಶನಗಳನ್ನು ನಾವೂ ನೋಡಿದ್ದೇವೆ. ಯಾರೂ ಕೇಳದೆಯೂ ಮನೆ ಮನೆ ತಲುಪುವ ವಾಹಿನಿಗೆ, ಯಾರಾದರೂ ಕೇಳುವಂತೆ ಇರಬೇಕೆಂಬ ಚಿಂತೆ ಕಡಿಮೆಯಾಗುತ್ತದೆ. ಸರಕಾರಿ ವಾರ್ತೆ ಸರಕಾರದ ವಾರ್ತೆಯೇ. ಬಳಗದ ತಿಂಗಳ ಸಭೆಯಲ್ಲಿ ಈ ಕಡ್ಡಾಯದ ವಿಷಯ ಬಂದಾಗಲೆಲ್ಲ ಹಿರಿಯ ಮಿತ್ರರೊಬ್ಬರು, "ನಮಗೆ ಬೇಡದ್ದನ್ನು ನಮ್ಮ ಮನೆಗೆ ತುರುಕುವ ಹಕ್ಕು ಯಾರಿಗೂ ಇಲ್ಲ" ಎಂದು ಮೇಜು ಕುಟ್ಟುತ್ತಿದ್ದರು. ನಾವೂ ತಲೆಯಾಡಿಸುತ್ತಿದ್ದೆವು. ತಲೆಯಾಡಿಸಿ ಮನೆಗೆ ಬಂದು ಚಂದನ ಹಾಕುತ್ತಿದ್ದೆವು. ಈ ಇಬ್ಬಗೆಯನ್ನು ಅವ್ವ ಗಮನಿಸದೆ ಇರಲಿಲ್ಲ.

ಲೆಕ್ಕ ಕೈಗೆ ಬಂದದ್ದು 2019ರ ಫೆಬ್ರವರಿಯಲ್ಲಿ. ಟ್ರಾಯ್‌ನ ಹೊಸ ದರ ಆದೇಶ ಜಾರಿಗೆ ಬಂತು. ತಿಂಗಳಿಗೆ 130 ರೂಪಾಯಿ ಮತ್ತು ತೆರಿಗೆ ಕೊಟ್ಟರೆ ನೂರು ವಾಹಿನಿಗಳ ಜಾಗ. ಅದರಲ್ಲಿ ಇಪ್ಪತ್ತೈದು ದೂರದರ್ಶನದ ಕಡ್ಡಾಯದವು. ಉಳಿದವನ್ನು ನಾವು ಆರಿಸಬೇಕು. ಹಣದ ವಾಹಿನಿಗಳಿಗೆ ಬೇರೆ ದರ. ಗುಚ್ಛದಲ್ಲಿ ಸೇರಬೇಕಾದರೆ ಒಂದು ವಾಹಿನಿಯ ಬೆಲೆ 19 ರೂಪಾಯಿ ಮೀರಬಾರದೆಂಬ ಮಿತಿಯಿತ್ತು. ಹೆಸರುವಾಸಿಯಾದ ವಾಹಿನಿಗಳೆಲ್ಲ ಆ ಮಿತಿಯನ್ನೇ ಬೆಲೆಯನ್ನಾಗಿ ಮಾಡಿಕೊಂಡು ಕೂತವು. ನಮ್ಮ ಬೀದಿಯ ಕೇಬಲ್ ಹುಡುಗ ಉದ್ದನೆಯ ಪಟ್ಟಿ ಹಿಡಿದು ಬಂದ. ಮರಾಠಿ ಗುಚ್ಛ, ಹಿಂದಿ ಗುಚ್ಛ, ಗುಜರಾತಿ ಗುಚ್ಛ ಸಿದ್ಧವಾಗಿದ್ದವು. ಕನ್ನಡದ್ದು ಬೇಕೆಂದರೆ ಬಿಡಿಬಿಡಿಯಾಗಿ ಗುರುತು ಹಾಕಬೇಕು. ಅವ್ವ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಓದಿದರು.

"ನಮ್ಮ ಭಾಷೀಗೆ ಎಷ್ಟಪಾ ದರಾ?"

ಅವನಿಗೆ ಅರ್ಥವಾಗಲಿಲ್ಲ. ನಮಗೆ ಅರ್ಥವಾಗಿ ಉತ್ತರ ಹೊಳೆಯಲಿಲ್ಲ.

ನಾಲ್ಕು ಕನ್ನಡ ವಾಹಿನಿಗಳಿಗೆ ಗುರುತು ಹಾಕಿದೆವು. ಅವ್ವ ನಾಲ್ಕನ್ನೂ ಹೊಡೆದುಹಾಕಿದರು: "ಆ ಸೊಸೀ ಅತ್ತಿ ಜಗಳಾ ನೋಡಾಕ ರೊಕ್ಕಾ ಕೊಡೂದು ಬ್ಯಾಡ. ಚಂದನಾ ಹ್ಯಾಂಗೂ ಪುಕಟ ಐತಿ." ಆದರೆ ಹೊಸ ವ್ಯವಸ್ಥೆ ಜಾರಿಯಾದ ಮರುವಾರ ಚಂದನವೇ ಇರಲಿಲ್ಲ. ಕ್ಯಾಲೆಂಡರಿನ ಕುಂಕುಮದ ಸಂಖ್ಯೆಯಲ್ಲಿ ಯಾವುದೋ ಮನೆಮದ್ದು ಮಾರುವ ವಾಹಿನಿ ಕೂತಿತ್ತು. ಕೇಬಲಿನವನಿಗೆ ಫೋನು ಮಾಡಿದರೆ, "ಅದನ್ನು ಈ ಏರಿಯಾದಲ್ಲಿ ಯಾರೂ ನೋಡುವುದಿಲ್ಲ ಸಾಹೇಬ" ಎಂದ. ಕಾನೂನು ಹೇಳಿದೆವು. "ಕಾನೂನು ಮೇಲಿನವರಿಗೆ, ನಾವು ತಂತಿ ಎಳೆಯುವವರು" ಎಂದ. ಅದೂ ನಿಜವೇ. ಪತ್ರ ಬರೆದೆವು, ಮತ್ತೆ ಬರೆದೆವು. ಐದು ವಾರಗಳ ನಂತರ ಚಂದನ ಬೇರೊಂದು ಸಂಖ್ಯೆಯಲ್ಲಿ, ಯಾರೂ ಏನೂ ಹೇಳದೆ, ಮರಳಿ ಬಂತು. ಮರುವರ್ಷ ಟ್ರಾಯ್ ಅದೇ 130 ರೂಪಾಯಿಗೆ ಇನ್ನೂರು ವಾಹಿನಿಗಳೆಂದು ತಿದ್ದಿತು, ಕಡ್ಡಾಯದವನ್ನು ಆ ಎಣಿಕೆಯಿಂದ ಹೊರಗಿಟ್ಟಿತು. ಮೇಜು ಕುಟ್ಟುವ ಮಿತ್ರರ ವಾದಕ್ಕೆ ಅಷ್ಟರ ಮಟ್ಟಿಗೆ ಜಯವೆನ್ನಬೇಕು.

ಆದರೆ ಆ ಐದು ವಾರಗಳಲ್ಲಿ ಅವ್ವ ಸುಮ್ಮನೆ ಕೂತಿರಲಿಲ್ಲ. ನಮ್ಮ ಮನೆಗೆಲಸಕ್ಕೆ ಸಿಂದಗಿಯ ಕಡೆಯ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಗಂಡ ಗಾರೆ ಕೆಲಸದವನು. ರೈಲು ಹಳಿಯ ಆಚೆಯ ಝೋಪಡಪಟ್ಟಿಯಲ್ಲಿ ಹತ್ತಡಿಯ ಖೋಲಿ. "ನಮ್ಮ ಖೋಲ್ಯಾಗ ಚಂದನಾ ಬರತೈತ್ರಿ ಅಕ್ಕೋರ, ತಿಂಗಳಾ ರೊಕ್ಕಾ ಇಲ್ಲ ಏನಿಲ್ಲ" ಎಂದು ಅವಳು ಹೇಳಿದ್ದೇ ತಡ, ಅವ್ವ ತಮ್ಮ ಪಿಂಚಣಿಯಿಂದ ಹಣ ತೆಗೆದಿಟ್ಟರು. ಹೀಗೆ ಬಂತು ಡಿ.ಡಿ. ಫ್ರೀ ಡಿಶ್‌ನ ಛತ್ರಿ. ಒಮ್ಮೆ ಒಂದೂವರೆ ಸಾವಿರ ಕೊಟ್ಟರೆ ಮುಗಿಯಿತು. ಅಳವಡಿಸಲು ಬಂದ ಹುಡುಗ ದಿಕ್ಸೂಚಿ ಹಿಡಿದು, ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲೆ ನಿಂತಿರುವ ಜಿಸ್ಯಾಟ್-15 ಉಪಗ್ರಹದ ಕಡೆಗೆ ಅದನ್ನು ತಿರುಗಿಸಿದ. ಅವ್ವ ಎಪ್ಪತ್ತಾರರ ವಯಸ್ಸಿನಲ್ಲಿ ಮೊಣಕಾಲು ಹಿಡಿದುಕೊಂಡು ಗಚ್ಚಿ ಹತ್ತಿ ಕೋನ ಸರಿಯಿದೆಯೇ ಎಂದು ಪರೀಕ್ಷಿಸಿದರು. ಗಣಿತದವರು.

ಈ ಫ್ರೀ ಡಿಶ್ ಎಂಬುದು 2004ರ ಡಿಸೆಂಬರಿನಲ್ಲಿ 33 ವಾಹಿನಿಗಳೊಡನೆ ಬೇರೆ ಹೆಸರಿನಲ್ಲಿ ಆರಂಭವಾದ ಉಚಿತ ಸೇವೆ. ಇಂದು 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಅದಿದೆ ಎಂಬುದು ಉದ್ಯಮದವರ ಅಂದಾಜು. ಅದರೊಳಗೆ ಎರಡು ನಿಯಮಗಳು ಅಕ್ಕಪಕ್ಕದಲ್ಲಿ ಬದುಕುತ್ತವೆ. ದೂರದರ್ಶನದ ವಾಹಿನಿಗಳಿಗೆ ಜಾಗ ಹಾಗೆಯೇ ಸಿಗುತ್ತದೆ. ಉಳಿದ ಜಾಗವನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ. ಭಾಷೆ ಮತ್ತು ಬಗೆಯ ಮೇಲೆ ವರ್ಗಗಳನ್ನು ಮಾಡಿ, ವರ್ಗಕ್ಕೊಂದು ಆರಂಭದ ಬೆಲೆ ಗೊತ್ತುಮಾಡುತ್ತದೆ. ಹಿಂದಿಯ ಮನರಂಜನೆಯ ವಾಹಿನಿಗಳದು ಎಲ್ಲಕ್ಕಿಂತ ಮೇಲಿನ ವರ್ಗ, ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಕೋಟಿಗಟ್ಟಲೆ ಕೊಟ್ಟು ಜಾಗ ಹಿಡಿದವರು ಜಾಹೀರಾತಿನಿಂದ ಅದನ್ನು ಮರಳಿ ಪಡೆಯಬೇಕು. ಹಿಂದಿ, ಭೋಜಪುರಿ ನೋಡುವ ಮನೆಗಳು ಹೆಚ್ಚಿರುವಲ್ಲಿ ಕನ್ನಡದ ಖಾಸಗಿ ವಾಹಿನಿಯೊಂದು ಆ ಹರಾಜಿಗೆ ಏಕೆ ಕೈ ಎತ್ತೀತು? ಅವರನ್ನು ದೂರುವಂತಿಲ್ಲ, ಅಂಗಡಿಯವನು ಗಿರಾಕಿಯಿರುವ ಬೀದಿಗೇ ಹೋಗುತ್ತಾನೆ.

ನಮ್ಮ ಛತ್ರಿ ಬಂದ ಕೆಲವೇ ದಿನಗಳಲ್ಲಿ, 2019ರ ಮಾರ್ಚ್ 1ರಂದು, ದೊಡ್ಡ ಪ್ರಸಾರ ಸಂಸ್ಥೆಗಳು ತಮ್ಮ ಹಿಂದಿ ಮನರಂಜನೆಯ ಉಚಿತ ವಾಹಿನಿಗಳನ್ನು ಫ್ರೀ ಡಿಶ್‌ನಿಂದ ಹಿಂತೆಗೆದುಕೊಂಡವು. ಹೊಸ ದರ ಪದ್ಧತಿಯಲ್ಲಿ ಅವನ್ನು ಹಣಕ್ಕೆ ಮಾರುವುದೇ ಲಾಭವೆಂದು ಅವರ ಲೆಕ್ಕ. ಮಾರನೆಯ ಬೆಳಿಗ್ಗೆ ಸಿಂದಗಿಯ ಹೆಣ್ಣುಮಗಳು ಮುಖ ಸಪ್ಪಗೆ ಮಾಡಿಕೊಂಡು ಬಂದಳು. "ರಾತ್ರೋರಾತ್ರಿ ನನ್ನ ಸೀರಿಯಲ್ಲ ಎಲ್ಲಾ ಹೋಗ್ಯಾವ್ರೀ ಅಕ್ಕೋರ. ಆಕಿ ಮದಿವಿ ಆತೋ ಇಲ್ಲೋ ಗೊತ್ತಾಗಲಿಲ್ಲ." ಅವಳ ಸಂಕಟವನ್ನು ಆಗ ನಾವು ನಕ್ಕು ಹಗುರ ಮಾಡಿದೆವು. ಆಮೇಲೆ ಯೋಚಿಸಿದರೆ ನಗುವ ವಿಷಯವಲ್ಲ. ಹದಿನಾಲ್ಕು ಮನೆಗಳ ಪಾತ್ರೆ ತಿಕ್ಕಿ ಹೋದವಳಿಗೆ ಉಳಿದಿದ್ದ ಒಂದು ಗಂಟೆಯ ಸುಖ ಅದು. ಅವಳ ಒಪ್ಪಿಗೆ ಕೇಳದೆ ಬಂದಿತ್ತು, ಒಪ್ಪಿಗೆ ಕೇಳದೆ ಹೋಯಿತು. ಆ ವಾಹಿನಿಗಳು ಮರುವರ್ಷ ಮತ್ತೆ ಬಂದವು, 2022ರಲ್ಲಿ ಮತ್ತೆ ಹೋದವು. ಒಂದೇ ವಾಹಿನಿ ಫ್ರೀ ಡಿಶ್‌ನಲ್ಲಿ ಉಚಿತ, ಕೇಬಲಿನಲ್ಲಿ ಹಣಕ್ಕೆ ಎಂಬ ಎರಡು ನಾಲಿಗೆಯನ್ನು ತಡೆಯಲು ಟ್ರಾಯ್ 2024ರ ಜುಲೈನಲ್ಲಿ ಒಂದು ತಿದ್ದುಪಡಿ ತಂದಿತು: ಅಲ್ಲಿ ಉಚಿತವಾದರೆ ಎಲ್ಲೆಡೆಯೂ ಉಚಿತವೆಂದೇ ಘೋಷಿಸಬೇಕು. ನ್ಯಾಯದ ಮಾತು. ಆದರೆ ಅದರಿಂದ ಉಚಿತವಾಗಿದ್ದದ್ದು ಉಳಿಯುತ್ತದೆಯೋ, ಇದ್ದದ್ದೂ ಹಣದ ಕಡೆಗೆ ಓಡಿಹೋಗುತ್ತದೆಯೋ ಎಂಬುದನ್ನು ಅವಳಂಥವರ ಖೋಲಿಯಲ್ಲಿ ಕೂತು ನೋಡಬೇಕು.

ಹೀಗೆ ಒಂದೇ ಛತ್ರಿಯ ಕೆಳಗೆ ಅವಳ ವಾಹಿನಿ ಪೇಟೆಯ ಮಾತಿನಂತೆ ಬಂದುಹೋಗುತ್ತಿತ್ತು, ಅವ್ವನ ವಾಹಿನಿ ಸರಕಾರದ ಮಾತಿನಂತೆ ನಿಂತಿತ್ತು. ಪ್ರಸಾರವನ್ನು ಸರಕಾರ ನಿಯಂತ್ರಿಸಬಾರದೆಂದು ಯೌವನದಲ್ಲಿ ಲೇಖನ ಬರೆದ ನಮಗೆ ಈ ಸತ್ಯ ನುಂಗಲು ಕಷ್ಟವಾಯಿತು.

ನಡುವೆ ಒಂದು ಬೇಸಗೆ ಆ ಪೆಟ್ಟಿಗೆಗೆ ರಾಜಮರ್ಯಾದೆ ಸಿಕ್ಕಿತು. ದೇಶಕ್ಕೆ ಮಹತ್ವದ ಪಂದ್ಯಗಳ ಸಂಕೇತವನ್ನು ದೂರದರ್ಶನಕ್ಕೆ ಹಂಚಬೇಕೆಂದು 2007ರ ಕಾಯಿದೆ ಹೇಳುತ್ತದೆ. ಹಾಗೆ ಹಂಚಿದ್ದನ್ನು ದೂರದರ್ಶನ ತನ್ನ ಭೂಪ್ರಸಾರದಲ್ಲೂ ಫ್ರೀ ಡಿಶ್‌ನಲ್ಲೂ ಮಾತ್ರ ತೋರಿಸಬಹುದು, ಕೇಬಲಿನವರಿಗೆ ಕೊಡುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. 2019ರ ವಿಶ್ವಕಪ್ಪಿನ ಹೊತ್ತಿಗೆ ಕೇಬಲಿನ ಕ್ರೀಡಾ ಗುಚ್ಛಕ್ಕೆ ಹಣ ಕಟ್ಟದ ನೆರೆಮನೆಯ ಹುಡುಗರೆಲ್ಲ ಅವ್ವನ ಕೋಣೆಯಲ್ಲಿ ಸೇರಿದರು. ಅವ್ವ ಅವರಿಗೆ ಅವಲಕ್ಕಿ ಕೊಟ್ಟರು, ಚಂದನದ ಹೊತ್ತಿಗೆ ಮಾತ್ರ ರಿಮೋಟು ಕೊಡಲಿಲ್ಲ. ಪಂಜಾಬಿ, ತಮಿಳು, ಮರಾಠಿ ಹುಡುಗರು ಶತಕವೊಂದು ಹತ್ತಿರ ಬರುತ್ತಿದ್ದಾಗ ಅರ್ಧ ಗಂಟೆ ಕನ್ನಡ ಪ್ರಶ್ನೋತ್ತರ ನೋಡಿದ ದೃಶ್ಯ ನಮ್ಮ ಮನೆಯ ಇತಿಹಾಸದಲ್ಲಿ ದಾಖಲಾಗಿದೆ.

ಈಗ 2020ಕ್ಕೆ ಬರುತ್ತೇವೆ. ಸಿಂದಗಿಯವಳ ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಒಂಬತ್ತನೆಯ ತರಗತಿ ಓದುತ್ತಿದ್ದಳು. ಮಾರ್ಚ್ ನಡುವಿನಲ್ಲಿ ಶಾಲೆಗಳು ಮುಚ್ಚಿದಾಗ ಹದಿನೈದು ದಿನ ಇದ್ದು ಬರಲೆಂದು ಮುಂಬಯಿಗೆ ಕಳಿಸಿದರು. ಬಂದ ವಾರಕ್ಕೆ ಲಾಕ್‌ಡೌನ್. ರೈಲಿಲ್ಲ, ಕೆಲಸವಿಲ್ಲ. ನಮ್ಮ ಸೊಸಾಯಟಿ ಮನೆಗೆಲಸದವರಿಗೆ ಗೇಟು ಮುಚ್ಚಿತು, ನಾವು ಎದುರಾಡಲಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದಾರೆಂದು ನಮಗೆ ನಾವೇ ಹೇಳಿಕೊಂಡೆವು. ಸಂಬಳ ಕಳಿಸಿದೆವು, ಅಷ್ಟೆ. ಹುಡುಗಿ ಹತ್ತನೆಯ ತರಗತಿಗೆ ಬಂದಿದ್ದಳು. ಶಾಲೆ ಸಿಂದಗಿಯಲ್ಲಿ, ಅವಳು ಹಳಿಯ ಆಚೆಯ ಖೋಲಿಯಲ್ಲಿ. ಆ ಮನೆಯಲ್ಲಿದ್ದ ಫೋನು ಗುಂಡಿ ಒತ್ತುವಂಥದ್ದು.

ಜುಲೈ ತಿಂಗಳಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ 'ಸಂವೇದ' ಎಂಬ ಪಾಠಗಳನ್ನು ಚಂದನದಲ್ಲಿ ಆರಂಭಿಸಿತು. ಸುದ್ದಿಯನ್ನು ಮೊದಲು ಕಂಡವರು ಅವ್ವ. ಕಂಡ ಕೂಡಲೇ ಫೋನು ಮಾಡಿಸಿದರು. ಆ ದಿನದಿಂದ ಪಾಠದ ಹೊತ್ತಿಗೆ ಎರಡು ಮನೆಗಳಲ್ಲಿ ಎರಡು ನೋಟುಪುಸ್ತಕಗಳು ತೆರೆದುಕೊಳ್ಳುತ್ತಿದ್ದವು. ಹುಡುಗಿ ತನ್ನ ಖೋಲಿಯಲ್ಲಿ ನೋಡಿ ಬರೆದುಕೊಳ್ಳುವಳು. ಅವ್ವ ಇಲ್ಲಿ ನೋಡಿ, ಪಾಠ ಹೇಳಿದವರು ಎಲ್ಲಿ ಅವಸರ ಮಾಡಿದರೆಂದು ಗುರುತು ಹಾಕುವರು. ಪಾಠ ಮುಗಿದ ಮೇಲೆ ಫೋನು.

ಜುಲೈ ಎಂದರೆ ಇಲ್ಲಿ ಆಕಾಶ ತೂತಾಗುವ ತಿಂಗಳು. ಜೋರು ಮಳೆ ಬಿದ್ದರೆ ಉಪಗ್ರಹದ ಸಂಕೇತ ಕಡಿದುಹೋಗುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಸಮಾಂತರ ಶ್ರೇಢಿಯ ಪಾಠ ನಡೆಯುತ್ತಿದ್ದ ಒಂದು ದಿನ, ಪಾಠ ಹೇಳುತ್ತಿದ್ದವರು ಸೂತ್ರದ ಕಡೆಗೆ ಕೈ ತೋರಿಸಿದ ಗಳಿಗೆಯಲ್ಲೇ ಚಿತ್ರ ಹೆಪ್ಪುಗಟ್ಟಿತು. ಅದೇ ಗಳಿಗೆಯಲ್ಲಿ ಹಳಿಯ ಆಚೆಯೂ ಹೆಪ್ಪುಗಟ್ಟಿರಬೇಕು. ಅವ್ವ ಕಾಯಲಿಲ್ಲ. "ಕಡ್ಡೀ ಪೆಟ್ಟಿಗಿ ತಗೋ," ಎಂದು ಫೋನಿನಲ್ಲಿ ಹೇಳತೊಡಗಿದರು. "ಮೊದಲನೇ ಸಾಲಿನ್ಯಾಗ ಎರಡು ಕಡ್ಡಿ. ಎರಡನೇದರಾಗ ಐದು. ಮೂರನೇದರಾಗ ಎಂಟು. ಪ್ರತಿ ಸಲ ಎಷ್ಟ ಏರತೈತಿ? ಹಾಂ, ಮೂರು. ಹತ್ತನೇ ಸಾಲಿಗೆ ಮುಟ್ಟಬೇಕಾದ್ರ ಎಷ್ಟ ಸಲ ಏರಬೇಕು? ಹತ್ತು ಅಲ್ಲ, ಒಂಬತ್ತು. ಯಾಕ? ಮೊದಲನೇ ಸಾಲಿಗೆ ಏರೂದ ಇಲ್ಲಲ್ಲ." ಆ ಕಡೆ ಕಡ್ಡಿಗಳನ್ನು ಎಣಿಸುವ ಸದ್ದು. ತಗಡಿನ ಮೇಲೆ ಮಳೆಯ ಸದ್ದು. ಬಹಳ ಹೊತ್ತಿನ ಮೇಲೆ, "ಇಪ್ಪತ್ತೊಂಬತ್ತ್ರೀ ಅಜ್ಜಿ."

ಅವ್ವ ಫೋನಿಟ್ಟು ನಮ್ಮ ಕಡೆ ನೋಡಿದರು. ಇಪ್ಪತ್ತೆಂಟು ವರ್ಷ ನೂರಾರು ಮಕ್ಕಳಿಗೆ ಕಲಿಸಿದವರ ಮುಖದಲ್ಲಿ ಮೊದಲ ದಿನದ ಕೆಲಸ ಮುಗಿಸಿದವರ ಕಳೆ ಇತ್ತು.

ಹುಡುಗಿ ಹೊಸ ವರ್ಷದಲ್ಲಿ ಶಾಲೆ ತೆರೆದಾಗ ಊರಿಗೆ ಹೋದಳು. 2021ರ ಜುಲೈನ ಎರಡು ದಿನಗಳ ಆ ಸರಳ ಪರೀಕ್ಷೆಯಲ್ಲಿ ಎಲ್ಲರಂತೆ ತೇರ್ಗಡೆಯಾದಳು. "ಎಲ್ಲಾರೂ ಪಾಸಾಗ್ಯಾರ, ಇಕಿ ಕಲತು ಪಾಸಾಗ್ಯಾಳ" ಎಂದು ಅವ್ವ ಪೇಢೆ ಹಂಚಿದರು. ಮುಂದಿನ ವರ್ಷದ ಚಳಿಗಾಲದಲ್ಲಿ ಅವ್ವ ಹೋದರು. ಕೊನೆಯ ತಿಂಗಳಲ್ಲಿ ಕಣ್ಣು ಮಂಜಾಗಿ ಚಂದನವನ್ನು ಬರಿಯ ಕಿವಿಯಿಂದ ಕೇಳುತ್ತಿದ್ದರು. ಉತ್ತರಗಳನ್ನು ನಾವು ಹೇಳಿದರೆ ಸಿಟ್ಟಾಗುತ್ತಿದ್ದರು.

ಕಾರ್ಯದರ್ಶಿಗಳಿಗೆ ನಾವು ಕೊನೆಗೆ ಒಂದು ಅರ್ಜಿ ಕೊಟ್ಟೆವು: ಛತ್ರಿಯನ್ನು ಕೆಲಸ ಮುಗಿಯುವವರೆಗೆ ತೆಗೆದಿಟ್ಟು ಮತ್ತೆ ಅದೇ ಜಾಗದಲ್ಲಿ ಕೂಡಿಸಲು ಅಪ್ಪಣೆ ಬೇಕು. ಕಾರಣ ಎಂಬಲ್ಲಿ 'ಬಳಕೆಯಲ್ಲಿದೆ' ಎಂದು ಬರೆದೆವು. ಅದು ಸುಳ್ಳಲ್ಲ. ಸಂಜೆಯ ಹೊತ್ತು ನಾವು ಈಗಲೂ ಹಾಕುತ್ತೇವೆ; ಪ್ಲಾಸ್ಟಿಕ್ ಹೂವಿನ ಸಂದರ್ಶನವಾದರೂ ಸರಿ.

ಗಚ್ಚಿಯ ಕೆಲಸಕ್ಕೆ ಬಂದವರು ಕಲಬುರಗಿಯ ಕಡೆಯವರು. ಛತ್ರಿ ತೆಗೆಯುವ ಮುನ್ನ ಅವರಲ್ಲೊಬ್ಬ ಕಂಬದ ಮೇಲೂ ನೆಲದ ಮೇಲೂ ಸುಣ್ಣದ ಕಡ್ಡಿಯಿಂದ ಗುರುತು ಮಾಡಿಕೊಂಡ. "ನಮ್ಮ ಖೋಲಿ ಮ್ಯಾಲೂ ಇದ ಐತ್ರಿ, ದಿಕ್ಕ ತಪ್ಪಿದ್ರ ಬರೂದಿಲ್ಲ" ಎಂದ. ಮೇ ಕೊನೆಯಲ್ಲಿ ಕೆಲಸ ಮುಗಿಯಿತು. ಹೊಸ ಗಾರೆಯ ಅಡಿಯಲ್ಲಿ ನೆಲದ ಗುರುತು ಮುಚ್ಚಿಹೋಗಿತ್ತು, ಕಂಬದ್ದು ಉಳಿದಿತ್ತು. ಅವನು ಮೇಲೆ ಛತ್ರಿ ಹಿಡಿದು ನಿಂತ, ನಮ್ಮಲ್ಲೊಬ್ಬರು ಜಿನೆಯಲ್ಲಿ, ಒಬ್ಬರು ಟಿ.ವಿ.ಯ ಮುಂದೆ.

"ಬಂತೇನ್ರೀ?"

"ಇಲ್ಲ."

"ಈಗ?"

"ಸ್ವಲ್ಪ ಎಡಕ್ಕೆ."

"ಈಗ್ರೀ?"

"ಬಂತು, ಬಂತು. ಕೈ ಬಿಡಬೇಡ, ಬೋಲ್ಟು ಬಿಗಿ ಮಾಡು."